ತಂಗಿಯ ಕೈಗೆ ಕೊಟ್ಟ ಕಾಗದ

ನಮ್ಮ ವಾರ್ಡಿನ ಜನ ನನಗೆ ಇಟ್ಟ ಹೆಸರು ಮೊಹರಕ್ಕ. ನಾಲ್ಕು ವರ್ಷ ನಗರಸಭೆಯ ಸದಸ್ಯೆಯಾಗಿದ್ದಾಗ, ದೂರು ಹಿಡಿದು ಬಂದ ಪ್ರತಿಯೊಬ್ಬರಿಗೂ ನಾನು ಹೇಳುತ್ತಿದ್ದದ್ದು ಒಂದೇ ಮಾತು: "ಅರ್ಜಿ ಎರಡು ಪ್ರತಿ ಬರೀರಿ. ಒಂದನ್ನ ಕೊಡಿ, ಇನ್ನೊಂದರ ಮೇಲೆ ಮೊಹರು ಹಾಕಿಸ್ಕೊಂಡು ಬನ್ನಿ. ಮೊಹರು ಇಲ್ಲ ಅಂದ್ರೆ ನೀವು ಕೊಟ್ಟೇ ಇಲ್ಲ ಅಂತ ಲೆಕ್ಕ." ನಲ್ಲಿಯಲ್ಲಿ ನೀರು ಬಾರದ ಮುದುಕಿಗೂ ಇದನ್ನೇ ಹೇಳಿದೆ, ಬೀದಿ ದೀಪ ಕೇಳಲು ಬಂದ ಮೇಷ್ಟರಿಗೂ ಇದನ್ನೇ ಹೇಳಿದೆ. ನನ್ನ ಗಂಡ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವನು. ದಿನವಿಡೀ ಮೊಹರು ಕುಟ್ಟಿ ಬಂದು, "ಮನೆಗೆ ಬಂದ್ರೆ ಇಲ್ಲೂ ಅದೇ ಪುರಾಣ" ಎಂದು ಗೊಣಗುತ್ತಿದ್ದ.

ಇಂಥ ನಾನು ನನ್ನ ಸ್ವಂತ ಕೆಲಸದ ಕಾಗದವನ್ನು ಮೊಹರಿಲ್ಲದೆ, ಎರಡನೆಯ ಪ್ರತಿಯೂ ಇಲ್ಲದೆ, ತಂಗಿಯ ಕೈಗೆ ಕೊಟ್ಟೆ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಳ್ಳಲ್ಲ.

ನಾನು ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಕಟಿಂಗ್ ಮಾಸ್ಟರ್ ಆಗಿದ್ದವಳು. ಇಪ್ಪತ್ತು ಹೆಜ್ಜೆ ಉದ್ದದ ಮೇಜಿನ ಮೇಲೆ ಎಂಬತ್ತು ಪದರ ಬಟ್ಟೆ ಹಾಸಿ, ಅದರ ಮೇಲೆ ರಟ್ಟಿನ ಅಚ್ಚುಗಳನ್ನು ಜೋಡಿಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕರೆಂಟಿನ ಕಟರ್ ಓಡಿಸುವ ಕೆಲಸ. ಹೊಲಿಗೆಯವರು ತಪ್ಪಿದರೆ ಒಂದು ಅಂಗಿ ಕೆಡುತ್ತದೆ. ನಾನು ಒಂದು ನೂಲಿನಷ್ಟು ತಪ್ಪಿದರೆ ಎಂಬತ್ತು ಅಂಗಿಗೂ ಒಂದೇ ಸಲ ಕೈ ಗಿಡ್ಡವಾಗುತ್ತದೆ. ಹಾಗಾಗಿ ಆ ಮೇಜಿನ ಹತ್ತಿರ ಯಜಮಾನರು ಕೂಡ ಕೆಮ್ಮಿ ಬರುತ್ತಿದ್ದರು. ನನ್ನ ಬಾಯಿಗೆ ಹೆದರಿ ಅಂತ ಹುಡುಗಿಯರು ಹೇಳುತ್ತಿದ್ದರು, ಅದೂ ಇರಬಹುದು.

ಕಾರ್ಖಾನೆಯ ಹೆಂಗಸರೇ ನನ್ನನ್ನು ಚುನಾವಣೆಗೆ ದೂಡಿದರು. ಗೆದ್ದೆ. ನಗರಸಭೆಯ ಕೆಲಸವೆಂದರೆ ಬೆಳಿಗ್ಗೆ ಹೋಗಿ ಸಂಜೆ ಬರುವಂಥದ್ದು, ಎರಡು ದೋಣಿಯ ಮೇಲೆ ಕಾಲಿಡಲು ಆಗುವುದಿಲ್ಲ. ಅದಕ್ಕೆ ಕಾಯಿದೆ ಇದೆ: ಜನರಿಂದ ಆಯ್ಕೆಯಾಗಿ ಹೋದ ನೌಕರರಿಗೆ ಅವಧಿ ಮುಗಿಯುವ ತನಕ ರಜೆ ಕೊಡಬೇಕು, ಅವರ ಜಾಗ ಕಾಯ್ದಿಡಬೇಕು, ಆ ಜಾಗಕ್ಕೆ ಬಂದವರು ಎಷ್ಟು ವರ್ಷ ದುಡಿದರೂ ಹಂಗಾಮಿ. ಅವಧಿ ಮುಗಿದ ಮೇಲೆ ಮೂವತ್ತು ದಿನದೊಳಗೆ "ವಾಪಸು ಬರುತ್ತೇನೆ" ಅಂತ ನೌಕರರು ಲಿಖಿತವಾಗಿ ತಿಳಿಸಬೇಕು. ಅದೊಂದೇ ಷರತ್ತು.

ನನ್ನ ಜಾಗಕ್ಕೆ ಯಾರು ಅಂತ ಯಜಮಾನರು ಕೇಳಿದಾಗ ನಾನೇ ತಂಗಿಯ ಹೆಸರು ಹೇಳಿದೆ. ಅವಳು ಅದೇ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವ ಮಷೀನಿನಲ್ಲಿದ್ದಳು. ಗಂಡ ಬಿಟ್ಟುಹೋದ ಮೇಲೆ ಅಮ್ಮನ ಜೊತೆ, ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದಳು. ಮೂರು ತಿಂಗಳು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದೆ. ಬಟ್ಟೆಯ ನೂಲು ಯಾವ ಕಡೆಗೆ ಓಡುತ್ತದೆ ಅಂತ ಕಣ್ಣು ಮುಚ್ಚಿ ಬೆರಳಿನಲ್ಲಿ ತಿಳಿಯುವುದನ್ನೂ ಕಲಿಸಿದೆ. ಅದನ್ನು ನಾನು ಬೇರೆ ಯಾರಿಗೂ ಹೇಳಿಕೊಟ್ಟಿರಲಿಲ್ಲ.

ಅವಳು ನನಗೂ ನೆರವಾದಳು, ಇಲ್ಲ ಅನ್ನುವುದಿಲ್ಲ. ನನ್ನ ಬರವಣಿಗೆ ಕಾಗೆ ಕಾಲು ಗುಬ್ಬಿ ಕಾಲು, ಅವಳದ್ದು ಮುತ್ತು ಪೋಣಿಸಿದ ಹಾಗೆ. ನಗರಸಭೆಗೆ ಹೋಗಬೇಕಾದ ಅರ್ಜಿಗಳನ್ನು ಸಂಜೆ ಅವಳ ಮನೆಯಲ್ಲಿ ಕೂತು ನಾನು ಹೇಳುತ್ತಿದ್ದೆ, ಅವಳು ಬರೆಯುತ್ತಿದ್ದಳು. ಒಮ್ಮೆ ಒಬ್ಬ ಬಸ್ ಡ್ರೈವರ್ ಬಂದಿದ್ದ. ಅವನೂ ನನ್ನ ಹಾಗೆಯೇ ಆಯ್ಕೆಯಾಗಿ ಹೋದವನು, ವಾಪಸು ಬಂದರೆ ಕಂಪನಿಯವರು ಜಾಗ ಇಲ್ಲ ಅಂದಿದ್ದರು. ಆ ಕಾಯಿದೆಯ ಒಂದೊಂದು ಕಲಮನ್ನೂ ಅವಳಿಗೆ ಬಿಡಿಸಿ ಹೇಳಿ ಬರೆಸಿದೆ. "ಮೂವತ್ತು ದಿನ ದಾಟಿದ್ರೆ ಏನಾಗುತ್ತೆ ಅಕ್ಕಾ?" ಅಂತ ಕೇಳಿದ್ದಳು. "ದಾಟಿದ್ರೆ ಮುಗೀತು. ಹಂಗಾಮಿ ಇದ್ದವರು ಅರ್ಜಿ ಹಾಕಿದ್ರೆ ಅವರೇ ಕಾಯಂ" ಅಂದಿದ್ದೆ. ಡ್ರೈವರಿಗೆ ಬಸ್ಸು ಸಿಕ್ಕಿತು. ಅವತ್ತು ನಾವಿಬ್ಬರೂ ಬಹಳ ಖುಷಿಪಟ್ಟೆವು.

ನನ್ನ ಅವಧಿ ಮುಗಿಯಿತು. ಎರಡನೆಯ ಸಲ ನಿಲ್ಲಿ ಅಂದರು, ಬೇಡ ಅಂದೆ. ನಾಲ್ಕು ವರ್ಷದಲ್ಲಿ ನನಗೆ ನಿದ್ದೆಯಲ್ಲೂ ಕೈಗೆ ಬರುತ್ತಿದ್ದದ್ದು ಸೀಮೆಸುಣ್ಣವೇ ಹೊರತು ಮೈಕ್ ಅಲ್ಲ. ನನ್ನ ಮೇಜು ನನಗೆ ಬೇಕಾಗಿತ್ತು. ಅದಕ್ಕಿಂತ ಹೆಚ್ಚಿನದು ನಾನು ಯಾವತ್ತೂ ಕೇಳಿದವಳಲ್ಲ.

ಮಾರನೆಯ ದಿನ ಬೆಳಿಗ್ಗೆ ಕಾಗದ ಬರೆದೆ. ಬೇರೆಯವರ ಮುಂದೆ ಬೇಡಿಕೊಂಡ ಹಾಗೆ ಆಗಬಾರದು ಅಂತ ಇದೊಂದನ್ನು ನಾನೇ ನನ್ನ ಕಾಗೆ ಕಾಲಿನಲ್ಲಿ ಬರೆದೆ. ಗಂಡ ಶೂ ಹಾಕಿಕೊಳ್ಳುತ್ತಾ ಇಣುಕಿ ನೋಡಿ, "ಏನು ಮೊಹರಕ್ಕಾ, ಒಂದೇ ಪ್ರತೀನಾ? ನನ್ನ ಕೈಗೆ ಕೊಡು, ರಿಜಿಸ್ಟರ್ ಮಾಡಿಸ್ತೀನಿ" ಅಂದ.

"ದಿನಾ ಆ ಆಫೀಸ್ ಕಿಟಕಿ ಮುಂದೇನೇ ಹೋಗ್ತಾಳೆ ನನ್ನ ತಂಗಿ. ಒಡಹುಟ್ಟಿದವಳ ಹತ್ರ ರಸೀತಿ ಕೇಳ್ಲಾ?" ಅಂದೆ.

ಅವತ್ತಿನಿಂದ ಒಂದು ವಾರ ಹೊಸ ಸದಸ್ಯರಿಗೆ ಕಡತಗಳನ್ನು ಒಪ್ಪಿಸುವ ಕೆಲಸವಿತ್ತು, ಅದಕ್ಕೇ ನಾನೇ ಹೋಗಲಿಲ್ಲ. ತಂಗಿಯ ಮನೆಗೆ ಹೋದಾಗ ಅವಳು ಕೆಲಸಕ್ಕೆ ಹೊರಟು ನಿಂತಿದ್ದಳು. ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ತೊಳೆಯುತ್ತಿದ್ದಳು. ಕಾಗದ ಕೊಟ್ಟೆ. ತಂಗಿ ಓದಿದಳು. ಅಮ್ಮ ಟವೆಲ್ಲಿಗೆ ಕೈ ಒರೆಸಿಕೊಂಡು, "ಏನದು, ಕೊಡಿಲ್ಲಿ" ಅಂತ ತಾನೂ ಇಸಿದುಕೊಂಡು, ಕನ್ನಡಕ ಹುಡುಕಿ, ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದಿದಳು. "ವಾಪಸು ಬರ್ತಾಳಂತೆ" ಅಂದಳು, ನನಗೆ ಗೊತ್ತಿಲ್ಲದ ಸುದ್ದಿ ಅನ್ನುವ ಹಾಗೆ. ಆಮೇಲೆ ಮುದುಡಬಾರದು ಅಂತ ಅವಳೇ ಅದನ್ನು ಹಳೆಯ ಪತ್ರಿಕೆಯ ಮಡಿಕೆಯಲ್ಲಿಟ್ಟು ತಂಗಿಯ ಚೀಲಕ್ಕೆ ಹಾಕಿದಳು.

ಸಂಜೆ ತಂಗಿಯ ಹತ್ತಿರ ಕೇಳಿದೆ. "ಕೊಟ್ಟೆ ಅಕ್ಕಾ. ಗುಮಾಸ್ತರು ಫೈಲಲ್ಲಿ ಇಟ್ಕೊಂಡ್ರು" ಅಂದಳು.

ಎರಡನೆಯ ವಾರ "ಯಜಮಾನರು ಊರಲ್ಲಿಲ್ಲ" ಅಂದಳು. ಮೂರನೆಯ ವಾರ "ಆಸ್ಪತ್ರೆಯವರ ದೊಡ್ಡ ಆರ್ಡರ್ ಇದೆ, ಅದು ಮುಗಿದ ಮೇಲೆ ಬರಲಿ ಅಂದ್ರು. ನಾಲ್ಕು ವರ್ಷ ಊರಿಗೋಸ್ಕರ ಓಡಿದ್ದೀಯ. ಒಂದು ತಿಂಗಳು ಕಾಲು ಚಾಚಿ ಕೂತ್ಕೋ, ನಾನಿಲ್ವಾ?" ಅಂದಳು. ನನಗೆ ಕಣ್ಣು ತುಂಬಿ ಬಂತು. ನನಗೆ ವಿಶ್ರಾಂತಿ ತೆಗೆದುಕೋ ಅಂತ ಹೇಳಿದವರು ಆ ತನಕ ಯಾರೂ ಇರಲಿಲ್ಲ. ಮನೆಯ ಅಟ್ಟ ಗುಡಿಸಿದೆ, ಗಂಡನ ಅಂಗಿಗಳ ಕಾಲರ್ ತಿರುಗಿಸಿ ಹೊಲಿದೆ, ಮಧ್ಯಾಹ್ನ ಮಲಗಿದೆ. ಕೆಲಸ ಬೇಡುವವಳ ಹಾಗೆ ಕಿಟಕಿಯ ಮುಂದೆ ಹೋಗಿ ನಿಲ್ಲುವುದು ಯಾಕೆ, ಕಾಗದ ತಲುಪಿದೆ, ಕರೆಯುವುದು ಅವರ ಜವಾಬ್ದಾರಿ ಅಂತ ನನ್ನ ಜಂಬ.

ಮೂವತ್ತನಾಲ್ಕನೆಯ ದಿನ ತಡೆಯಲಾರದೆ ಹೋದೆ. ಸೀದಾ ಕಟಿಂಗ್ ಕೋಣೆಗೆ ಹೋದೆ. ತಂಗಿ ಊಟಕ್ಕೆ ಎದ್ದಿದ್ದಳು. ಮೇಜು ಯಾಕೋ ಬೇರೆ ತರಹ ಕಂಡಿತು. ಬಗ್ಗಿ ನೋಡಿದರೆ ಅದರ ಎಲ್ಲ ಕಾಲುಗಳ ಕೆಳಗೂ ಹೊಸ ಮರದ ತುಂಡು ಇಟ್ಟು ಎತ್ತರ ಮಾಡಿದ್ದರು. ತಂಗಿ ನನಗಿಂತ ಗೇಣುದ್ದ ಎತ್ತರ. ನಾಲ್ಕು ವರ್ಷ ಅವಳು ಬಗ್ಗಿಯೇ ಕೆಲಸ ಮಾಡಿದ್ದಳು, ಯಾಕೆಂದರೆ ಹಂಗಾಮಿಯವರಿಗೋಸ್ಕರ ಯಾರೂ ಮೇಜು ಎತ್ತುವುದಿಲ್ಲ. ಬಟ್ಟೆ ಹಾಸುವ ಹುಡುಗಿಯರು ನನ್ನನ್ನು ನೋಡಿ ತಲೆ ತಗ್ಗಿಸಿದರು. ಒಬ್ಬಳೂ "ಬನ್ನಿ ಮಾಸ್ಟರ್" ಅನ್ನಲಿಲ್ಲ. ಆಫೀಸ್ ಕಿಟಕಿಗೆ ಹೋಗಿ ನನ್ನ ಕಾಗದದ ಬಗ್ಗೆ ಕೇಳಿದೆ.

ಗುಮಾಸ್ತರು ಫೈಲು ತಿರುವಿದರು, ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ. "ನಿಮ್ಮದು ಯಾವ ಕಾಗದಾನೂ ಬಂದಿಲ್ವಲ್ಲ ಅಮ್ಮಾ. ನೀವು ಬರಲ್ಲ ಅಂತಾನೇ ನಾವು ತಿಳ್ಕೊಂಡ್ವಿ" ಅಂದರು. ಅವರು ಒಳ್ಳೆಯವರು, ಹೇಳುವಾಗ ಅವರಿಗೇ ಸಂಕಟವಾಗುತ್ತಿತ್ತು. ಆಮೇಲೆ ಒಂದು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಮುತ್ತು ಪೋಣಿಸಿದ ಅಕ್ಷರ. "ಈ ಹುದ್ದೆಯ ಮೂಲ ನೌಕರರು ನಿಗದಿತ ಅವಧಿಯೊಳಗೆ ಲಿಖಿತವಾಗಿ ಕೋರದೇ ಇರುವುದರಿಂದ, ಹಂಗಾಮಿಯಾಗಿ ಸೇವೆ ಸಲ್ಲಿಸುತ್ತಿರುವ ನನ್ನನ್ನು ಕಾಯಂ ಮಾಡಬೇಕೆಂದು..." ತಾರೀಕು ಮೂವತ್ತೊಂದನೆಯ ದಿನದ್ದು. ಒಂದು ದಿನ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

"ಎರಡನೇ ಪ್ರತಿ ಮೇಲೆ ಮೊಹರು ಹಾಕಿಸ್ಕೊಂಡು ಹೋದ್ರು" ಅಂದರು ಗುಮಾಸ್ತರು.

ನಾನು ಕಲಿಸಿದ್ದನ್ನು ಅಷ್ಟು ಚೆನ್ನಾಗಿ ಕಲಿತವರು ನನ್ನ ವಾರ್ಡಿನಲ್ಲಿ ಬೇರೊಬ್ಬರಿಲ್ಲ. ನೆಚ್ಚಿದ ಎಮ್ಮೆ ಕೋಣ ಈಯಿತು ಅಂತಾರಲ್ಲ, ನನ್ನದು ಈದದ್ದಷ್ಟೇ ಅಲ್ಲ, ಹಾಯಲೂ ಬಂದಿತ್ತು. ಯಜಮಾನರು ಹೊರಗೆ ಬಂದು, "ನನಗೆ ನೀವಿಬ್ಬರೂ ಒಂದೇ. ಕಾಯಿದೆ ಏನು ಹೇಳುತ್ತೋ ಅದನ್ನ ಮಾಡಿದ್ದೀನಿ" ಅಂದರು. "ನಿಮ್ಮ ತಂಗಿ ಎದುರು ಮಾತಾಡಲ್ಲ, ಅದೊಂದು ಸಮಾಧಾನ" ಅಂತಲೂ ಸೇರಿಸಿದರು.

ಸಂಜೆ ತಂಗಿಯ ಮನೆಗೆ ಹೋದೆ. ಅಮ್ಮ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಕೇಳಿದೆ: "ನನ್ನ ಕಾಗದ ಏನಾಯ್ತು?"

"ಯಾವ ಕಾಗದ ಅಕ್ಕಾ?" ಅಂದಳು ತಂಗಿ.

ಬೈದೆ. ಹದಿನೆಂಟು ವರ್ಷ ಕಾರ್ಖಾನೆ, ನಾಲ್ಕು ವರ್ಷ ನಗರಸಭೆ, ಎರಡರಲ್ಲೂ ಕಲಿತ ಬೈಗುಳವೆಲ್ಲ ಬೈದೆ. ಅವಳು ತಡೆದುಕೊಂಡು ನಿಂತಿದ್ದು ಕೊನೆಗೆ ಬಾಯಿ ಬಿಟ್ಟಳು. "ನಿನಗೆ ಊರೆಲ್ಲಾ ಇದೆ. ಬೀದೀಲಿ ಹೋದ್ರೆ ಜನ ಎದ್ದು ನಿಲ್ತಾರೆ. ನನ್ನನ್ನ ಹುಟ್ಟಿದಾಗಿಂದ ಎಲ್ರೂ ಕರೆದಿದ್ದು ನಿನ್ನ ತಂಗಿ ಅಂತ. ಮಾಸ್ಟರ್ ಅಂತ ಕರೆದಿದ್ದು ಆ ಮೇಜಿನ ಹತ್ರ ಮಾತ್ರ. ನೀನು ಬಂದಿದ್ರೆ ಮಾರನೇ ದಿನ ನಾನು ಗುಂಡಿ ಮಷೀನಿಗೆ ಹೋಗ್ಬೇಕಿತ್ತು. ಅದನ್ನ ಒಂದು ದಿನಾನಾದ್ರೂ ಯೋಚಿಸಿದ್ಯಾ?"

"ಬಾಯಿ ಬಿಟ್ಟು ಕೇಳ್ಬಹುದಿತ್ತಲ್ಲ?"

"ಕೇಳಿದ್ರೆ ಕೊಡ್ತಿದ್ಯಾ?"

ಕೊಡುತ್ತಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಆ ಮೇಜನ್ನು ನಾನು ಯಾರಿಗೂ ಕೊಡುತ್ತಿರಲಿಲ್ಲ. ಆದರೆ ಎದುರು ನಿಂತು ಕೇಳಿ, ಜಗಳವಾಡಿ, ನನ್ನ ಜುಟ್ಟು ಹಿಡಿದು ಎಳೆದಿದ್ದರೂ ನಾನು ಸಹಿಸಿಕೊಳ್ಳುತ್ತಿದ್ದೆ. ಮೂವತ್ತು ದಿನ ನನ್ನ ಮೂಗಿಗೆ ತುಪ್ಪ ಸವರಿ, ಕಾಲು ಚಾಚಿ ಕೂತ್ಕೋ ಅಂತ ಪ್ರೀತಿ ತೋರಿಸಿದಳಲ್ಲ, ಅದು ಒಳಗೆ ಇಳಿದು ಕೂತಿತು. ಆ ಮಾತಿಗೆ ನಾನು ಅತ್ತಿದ್ದೆ.

ಕಾರ್ಮಿಕ ಅಧಿಕಾರಿಯ ಹತ್ತಿರ ದೂರು ಕೊಟ್ಟೆ. ಆಕೆ ನನ್ನ ವಯಸ್ಸಿನವರೇ, ಮಾತು ಕಡಿಮೆ. "ಮೂವತ್ತು ದಿನದೊಳಗೆ ಕಾಗದ ಕಳಿಸಿದ್ದಕ್ಕೆ ಏನಾದ್ರೂ ಪುರಾವೆ?" ಅಂದರು.

"ತಂಗಿ ಕೈಗೆ ಕೊಟ್ಟಿದ್ದೆ ಮೇಡಂ."

"ಕಾರ್ಖಾನೆ ನೌಕರರ ಕೈಗೆ ಕೊಟ್ಟಿದ್ದು ನಿಜ ಅಂತ ಗೊತ್ತಾದ್ರೆ ನಾನು ಅದನ್ನ ಪರಿಗಣಿಸ್ಬಹುದು. ಕೊಟ್ಟಿದ್ದನ್ನ ನೋಡಿದವರು ಇದ್ದಾರಾ?"

ಇದ್ದರು. ನೋಡಿದ್ದಷ್ಟೇ ಅಲ್ಲ, ಜೋರಾಗಿ ಓದಿ, ಮಡಿಸಿ, ಚೀಲಕ್ಕೆ ಹಾಕಿದವರೇ ಇದ್ದರು. ನನ್ನ ಅಮ್ಮ. ಚಿಕ್ಕವರಿದ್ದಾಗ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅಮ್ಮ ನಮ್ಮಿಬ್ಬರನ್ನೂ ಒಂದು ಹೊತ್ತು ಉಪವಾಸ ಕೆಡವುತ್ತಿದ್ದಳು. ಮರುದಿನ ತಂಗಿ ಕೆಲಸಕ್ಕೆ ಹೋದ ಮೇಲೆ ಹೋಗಿ ಕೇಳಿದೆ. ಅಮ್ಮ ಮಂಡಿ ಒತ್ತಿಕೊಳ್ಳುತ್ತಾ ಕೂತಿದ್ದಳು. "ಮನೆ ಜಗಳಾನ ಆಫೀಸ್ ತನಕ ಒಯ್ದೆಯಲ್ಲ" ಅಂದಳು. ಆಮೇಲೆ, "ಕೇಳಿದ್ರೆ ಹೇಳ್ತೀನಿ. ನೋಡಿದ್ದನ್ನ ನೋಡಿದೆ ಅನ್ನೋಕೆ ಏನು ಕಷ್ಟ" ಅಂದಳು. ನನಗೆ ಅಷ್ಟು ಸಾಕಾಗಿತ್ತು. ಮನೆಗೆ ಹೋಗಿ ಗಂಡನಿಗೆ, "ವಿಚಾರಣೆಗೆ ಇನ್ನು ಹದಿನೈದು ದಿನ. ಆಮೇಲೆ ಮೇಜಿನ ಕೆಳಗಿನ ಆ ಮರದ ತುಂಡುಗಳನ್ನ ಒಲೆಗೆ ಹಾಕ್ತೀನಿ" ಅಂದೆ. ಅವನು ನಗಲಿಲ್ಲ. "ನಿಮ್ಮಮ್ಮ ಇರೋದು ಯಾರ ಮನೇಲಿ ಅಂತ ನೆನಪಿರಲಿ" ಅಂದ. ಅದಕ್ಕೂ ಅವನ ಮೇಲೆ ರೇಗಿದೆ.

ವಿಚಾರಣೆ ನಡೆದದ್ದು ಕಾರ್ಮಿಕ ಇಲಾಖೆಯ ಎರಡನೆಯ ಮಹಡಿಯಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಒಂದು ಉದ್ದ ಮೇಜು, ಗೋಡೆಗೆ ಒರಗಿಸಿದ ಕಬ್ಬಿಣದ ಬೀರು, ಮೂಲೆಯಲ್ಲಿ ಎಲ್ಲರ ಮಾತನ್ನೂ ಕಂಪ್ಯೂಟರಿಗೆ ಇಳಿಸುತ್ತಿದ್ದ ಟೈಪಿಸ್ಟ್. ಒಂದು ಕಡೆ ಯಜಮಾನರು ಮತ್ತು ತಂಗಿ, ಇನ್ನೊಂದು ಕಡೆ ನಾನು. ಅಮ್ಮ ಎಲ್ಲಿ ಕೂರಬೇಕು ಅಂತ ತಿಳಿಯದೆ ನಿಂತಿದ್ದಳು. ಅಧಿಕಾರಿಯೇ ಮೇಜಿನ ತುದಿಗೆ ಕುರ್ಚಿ ಹಾಕಿಸಿದರು.

ತಂಗಿಯನ್ನು ಮೊದಲು ಕೇಳಿದರು. "ನನಗೆ ಯಾವ ಕಾಗದಾನೂ ಕೊಟ್ಟಿಲ್ಲ ಮೇಡಂ" ಅಂದಳು. ದನಿ ನಡುಗಲಿಲ್ಲ. ನಾನು ನಿರೀಕ್ಷಿಸಿದ್ದೇ ಅದು, ಹಾಗಾಗಿ ಅಷ್ಟು ನೋವಾಗಲಿಲ್ಲ.

ಆಮೇಲೆ ಅಮ್ಮನನ್ನು ಕೇಳಿದರು. "ನಿಮ್ಮ ದೊಡ್ಡ ಮಗಳು ಚಿಕ್ಕ ಮಗಳಿಗೆ ಒಂದು ಕಾಗದ ಕೊಟ್ಟಿದ್ದನ್ನ ನೀವು ನೋಡಿದ್ರಾ?"

ಅಮ್ಮ ತನ್ನ ಕೈಗಳನ್ನೇ ನೋಡಿಕೊಂಡಳು. "ನಾನು ಅಡುಗೆಮನೇಲಿದ್ದೆ" ಅಂದಳು.

"ಕಾಗದ ನೋಡಿದ್ರಾ?"

"ಇಲ್ಲ. ನೋಡ್ಲಿಲ್ಲ."

ಟೈಪಿಸ್ಟರ ಬೆರಳುಗಳು ಟಕಟಕ ಓಡಿದವು. ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲವೇನೋ ಅಂತ ಅಮ್ಮನ ಮುಖ ನೋಡಿದೆ. ಅಮ್ಮ ನನ್ನ ಕಡೆ ತಿರುಗಲಿಲ್ಲ. ಕಾಲಕೆಳಗಿನ ನೆಲ ಕುಸಿಯಿತು ಅಂತ ಜನ ಹೇಳುವುದು ಉತ್ಪ್ರೇಕ್ಷೆ ಅಂದುಕೊಂಡಿದ್ದೆ. ನಾನು ಕೂತಿದ್ದ ಕುರ್ಚಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಸಾಕ್ಷಿಗೆ ನೀವೇನಾದ್ರೂ ಪ್ರಶ್ನೆ ಕೇಳ್ಬೇಕಾ?" ಅಂದರು ಅಧಿಕಾರಿ ನನ್ನನ್ನು.

ಕೇಳಬಹುದಿತ್ತು. ಕನ್ನಡಕ ಎಲ್ಲಿಂದ ತಂದೆ, ಯಾವ ಪತ್ರಿಕೆಯ ಮಡಿಕೆಯಲ್ಲಿಟ್ಟೆ, ಯಾವ ಬಣ್ಣದ ಚೀಲಕ್ಕೆ ಹಾಕಿದೆ ಅಂತ ಒಂದರ ಹಿಂದೆ ಒಂದು ಕೇಳಿದ್ದರೆ ಅಮ್ಮ ಮೂರು ನಿಮಿಷವೂ ನಿಲ್ಲುತ್ತಿರಲಿಲ್ಲ. ನಗರಸಭೆಯಲ್ಲಿ ಗಂಟಲು ದೊಡ್ಡದಿದ್ದ ಎಂಥೆಂಥವರನ್ನೋ ನಾನು ಹೀಗೆ ಕೇಳಿ ಕೇಳಿ ಬೆವರಿಳಿಸಿದ್ದೇನೆ. ಆದರೆ ಆ ಹೊತ್ತಿಗೆ ನನಗೆ ಮೇಜು ಬೇಕೋ ಅಮ್ಮ ಬೇಕೋ ಅನ್ನುವುದೇ ಕಲಸಿಹೋಗಿತ್ತು. ಬಾಯಿಗೆ ಬಂದದ್ದು ಒಂದೇ ಪ್ರಶ್ನೆ.

"ಅಮ್ಮಾ, ಹಾಗಾದ್ರೆ ನಾನು ಸುಳ್ಳು ಹೇಳ್ತಿದ್ದೀನಾ?"

ಈಗ ಅಮ್ಮ ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು. "ಹೂಂ" ಅಂದಳು.

"ಹೂಂ ಅಂದ್ರೆ ಬರ್ಕೊಳ್ಳೋಕೆ ಆಗಲ್ಲಮ್ಮ. ಬಾಯಿ ಬಿಟ್ಟು ಹೇಳಿ" ಅಂದರು ಟೈಪಿಸ್ಟ್.

"ಹೌದು. ಸುಳ್ಳು ಹೇಳ್ತಿದ್ದಾಳೆ."

ಅದನ್ನೂ ಟೈಪ್ ಮಾಡಿದರು. ಪ್ರಿಂಟ್ ತೆಗೆದು ನನಗೆ, "ನಿಮ್ಮ ಮುಂದೇನೇ ಹೇಳಿದ್ದು ಅನ್ನೋದಕ್ಕೆ ಇಲ್ಲಿ ಸಹಿ" ಅಂದರು. ಅಮ್ಮ ತನ್ನ ಹೆಸರನ್ನು ಒಂದೊಂದೇ ಅಕ್ಷರ ಬರೆದ ಕೆಳಗೆ ನಾನೂ ಸಹಿ ಹಾಕಿದೆ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಪುರಾವೆ ಇಲ್ಲದ ಕಾರಣ ದೂರು ವಜಾ. ಹೊರಡುವ ಮುಂಚೆ ಯಜಮಾನರು ಹತ್ತಿರ ಬಂದು, ನಿಜವಾಗಿಯೂ ಉಪಕಾರ ಮಾಡುವವರ ಹಾಗೆ ತಗ್ಗಿದ ದನಿಯಲ್ಲಿ, "ಗುಂಡಿ ಮಷೀನ್ ಖಾಲಿ ಇದೆ. ಮನಸ್ಸಿದ್ರೆ ಸೋಮವಾರದಿಂದ ಬನ್ನಿ" ಅಂದರು. ಅಂದರೆ ತಂಗಿ ಕತ್ತರಿಸಿದ ಬಟ್ಟೆಗೆ ನಾನು ಗುಂಡಿ ಹಚ್ಚಬೇಕು.

ತಂಗಿ ಅರ್ಧ ದಿನದ ರಜೆ ಹಾಕಿ ಬಂದಿದ್ದಳು. ಬಟ್ಟೆ ಹಾಸಿಟ್ಟು ಬಂದಿದ್ದೇನೆ, ಹುಡುಗಿಯರು ಮುಟ್ಟಿದರೆ ಕೆಡುತ್ತದೆ ಅಂತ ಅವಸರದಲ್ಲಿ ಯಜಮಾನರ ಕಾರಿನಲ್ಲೇ ಹೋಗಿಬಿಟ್ಟಳು. ಅಮ್ಮನನ್ನು ಯಾರು ಕರೆದುಕೊಂಡು ಹೋಗುತ್ತಾರೆ ಅಂತ ಅವಳು ಕೇಳಲೇ ಇಲ್ಲ. ಕೇಳುವ ಅಗತ್ಯವಿಲ್ಲ ಅಂತ ಅವಳಿಗೂ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು. ಲಿಫ್ಟ್ ಕೆಟ್ಟಿತ್ತು. ಅಮ್ಮನಿಗೆ ಮಂಡಿ ನೋವು. ಮೆಟ್ಟಿಲ ತುದಿಯಲ್ಲಿ ನಿಂತು, ಯಾವತ್ತಿನ ಹಾಗೆ, ಪಕ್ಕಕ್ಕೆ ನೋಡದೆ ಕೈ ಚಾಚಿದಳು.

ಹಿಡಿದುಕೊಂಡೆ. ಏನು ಮಾಡಲಿ, ಹಿಡಿದುಕೊಂಡೆ.

ಒಂದು ಮೆಟ್ಟಿಲು, ನಿಲ್ಲುವುದು, ಇನ್ನೊಂದು ಮೆಟ್ಟಿಲು. ಮೊದಲ ತಿರುವಿನ ಹತ್ತಿರ ಅಮ್ಮ ಏದುಸಿರು ಬಿಡುತ್ತಾ, "ನೀನು ಗಟ್ಟಿಗಿತ್ತಿ. ಎಲ್ಲಿ ಬಿಟ್ರೂ ಬದುಕ್ಕೋತೀಯ. ಅವಳಿಗೆ ಯಾರಿದ್ದಾರೆ ಹೇಳು" ಅಂದಳು.

ಚಿಕ್ಕವಳಿದ್ದಾಗಿನಿಂದ ಕೇಳುತ್ತಾ ಬಂದ ಮಾತು. ನಾನು ಗಟ್ಟಿ, ಹಾಗಾಗಿ ದೊಡ್ಡ ಬಿಂದಿಗೆ ನನಗೆ. ನಾನು ಗಟ್ಟಿ, ಹಾಗಾಗಿ ಶಾಲೆ ಬಿಟ್ಟು ಕಾರ್ಖಾನೆಗೆ ಹೋದದ್ದು ನಾನು. ಗಟ್ಟಿ ಇರುವುದು ಹೊಡೆತ ತಿನ್ನುವುದಕ್ಕೆ ಅಂತ ಅವತ್ತು ಸ್ಪಷ್ಟವಾಯಿತು. ನನಗೂ ಯಾರಾದರೂ ಬೇಕಿತ್ತು ಅಂತ ಕೂಗಿ ಹೇಳಬೇಕು ಅನ್ನಿಸಿತು. ಆದರೆ ಅಮ್ಮನ ಭಾರವೆಲ್ಲ ನನ್ನ ಮುಂಗೈ ಮೇಲಿತ್ತು, ಕೂಗಿದರೆ ಅವಳು ಬೆಚ್ಚಿ ಕಾಲು ತಪ್ಪುತ್ತಾಳೆ ಅಂತ ಸುಮ್ಮನಾದೆ.

ಕೆಳಗಿನ ಮೆಟ್ಟಿಲ ಹತ್ತಿರ ಬಂದಾಗ ಅಮ್ಮ ನಿಂತಳು. ಬಾಗಿಲಾಚೆ ಬೀದಿ ಕಾಣುತ್ತಿತ್ತು. ನನ್ನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದು ಕೇಳಿದಳು, "ನನ್ನ ಮೇಲೆ ಸಿಟ್ಟಾ?"

"ಇಲ್ಲಮ್ಮ" ಅಂದೆ.

ಆ ಕಟ್ಟಡದಲ್ಲಿ ಅವತ್ತು ನಾನು ಹೇಳಿದ ಸುಳ್ಳು ಅದೊಂದೇ.